ಕಾಲೊನಿ ಗೇಮ್‌ಗೆ ಲೆಕ್ಕ ಕಟ್ಟುವಾಗ ದುಡ್ಡಿಗಿಂತ ಮೊದಲು ಆಳು

ಕಾಲೊನಿ ಕಟ್ಟುವ ಗೇಮ್ ಮಾಡಲು ಕೂತವರು ಸಾಮಾನ್ಯವಾಗಿ ಮೊದಲು ಬರೆಯುವುದು ಬೆಲೆಪಟ್ಟಿ. ಅಕ್ಕಿಗೆ ಇಷ್ಟು, ಮರಕ್ಕೆ ಇಷ್ಟು, ಮನೆಗೆ ಇಷ್ಟು. ಆರು ತಿಂಗಳಾದರೂ ಅದೇ ಪಟ್ಟಿಯನ್ನು ತಿದ್ದುತ್ತಿರುತ್ತಾರೆ. ಅಕ್ಕಿ ಬೆಲೆ ಒಂಚೂರು ಇಳಿಸಿದರೆ ಊರಿಗೆ ಊರೇ ಶ್ರೀಮಂತ, ಒಂಚೂರು ಏರಿಸಿದರೆ ಎರಡನೇ ವರ್ಷಕ್ಕೆ ಮನೆಗಳೆಲ್ಲ ಖಾಲಿ. ಬೆಲೆ ಕೊನೆಗೆ ಬರಬೇಕಾದ ಅಂಕಿ. ಮೊದಲು ಬರಬೇಕಾದದ್ದು ಆಳು: ಒಂದು ವಸ್ತು ಕೈಗೆ ಬರಲು ಎಷ್ಟು ಆಳು, ಎಷ್ಟು ದಿನ. ಮೂಡಿಗೆರೆ, ಸಕಲೇಶಪುರದ ಕಡೆ ಯಾವ ತೋಟದವರನ್ನು ಮಾತಾಡಿಸಿದರೂ ಕಾಫಿ ರೇಟಿನ ಜೊತೆಜೊತೆಗೇ ಬರುವ ಮಾತು ‘ಆಳು ಸಿಗ್ತಿಲ್ಲ’ ಅನ್ನುವುದು. ಗೇಮಿನ ಲೆಕ್ಕವೂ ಆ ಮಾತಿನಿಂದಲೇ ಶುರುವಾಗಬೇಕು.

ಲೆಕ್ಕ ಕಣ್ಣಿಗೆ ಕಾಣಲಿ ಅಂತ ಒಂದು ಪುಟ್ಟ ಮಲೆನಾಡಿನ ಊರನ್ನು ಇಟ್ಟುಕೊಳ್ಳೋಣ. ಕೆಳಗೆ ಗದ್ದೆ, ಮೇಲೆ ಇಳಿಜಾರಿನಲ್ಲಿ ಕಾಫಿ. 5 ಮನೆ, 20 ಜನ. ಅದರಲ್ಲಿ ಮಕ್ಕಳು, ವಯಸ್ಸಾದವರು 6, ದುಡಿಯುವವರು 14. ಗೇಮಿನ ಒಂದು ತಿಂಗಳಿಗೆ 4 ದಿನ, ವರ್ಷಕ್ಕೆ 48 ದಿನ. ಒಂದು ದಿನ ಅಂದರೆ ಆಡುವವರ ಗಡಿಯಾರದಲ್ಲಿ 240 ಸೆಕೆಂಡ್. ಕೆಳಗಿನ ಇಳುವರಿ, ಬೆಲೆಗಳೆಲ್ಲ ಗೇಮಿಗಾಗಿ ಆರಿಸಿಕೊಂಡ ಅಂಕಿಗಳು. ಬೆಳೆಯ ಕಾಲ, ಕೆಲಸದ ಕ್ರಮ ಮಾತ್ರ ನಮ್ಮ ಕಡೆಯ ನಿಜವಾದದ್ದು.

14 ಆಳು, 48 ದಿನ: 672 ಆಳು-ದಿನ. ಇದಿಷ್ಟೂ ಕೆಲಸಕ್ಕೆ ಸಿಗುತ್ತದೆ ಅಂತ ನಂಬಿದರೆ ಅಲ್ಲೇ ಮೊದಲ ತಪ್ಪು. ನಡೆಯಲು, ಹೊರಲು ಕಾಲು ಭಾಗ ಹೋಗುತ್ತದೆ. ಉಳಿಯುವುದು 504. ಗೇಮಿನ ಬಂಡವಾಳ ಇದೇ. ಆಟಗಾರ ಮಾಡುವ ಪ್ರತಿ ತೀರ್ಮಾನವೂ ಈ 504ರಿಂದ ಕಳೆಯುವ ಲೆಕ್ಕ.

ಮೊದಲು ಊಟ. ಒಬ್ಬರಿಗೆ ದಿನಕ್ಕೆ ಅಕ್ಕಿಯ ಒಂದು ಪಾಲು. 20 ಜನಕ್ಕೆ ವರ್ಷಕ್ಕೆ 960. ಇಲಿ, ಮುಗ್ಗು ಅಂತ ನೂರಕ್ಕೆ 10 ಹಾಳಾದರೂ ಸಾಕಾಗಬೇಕೆಂದರೆ 1067 ಪಾಲು ಬೆಳೆಯಬೇಕು. ಒಂದು ಗದ್ದೆಗೆ ಉಳುಮೆ 6 ಆಳು-ದಿನ, ನಾಟಿ 8, ಕಳೆ 4, ಕೊಯ್ಲು 8, ಒಕ್ಕಣೆ 4, ಅಕ್ಕಿ ಮಾಡಿಸಲು 5, ಒಟ್ಟು 35. ಇನ್ನು ಇಳುವರಿ ಎಷ್ಟಿಡಬೇಕು? ಇಲ್ಲಿ ಅಂದಾಜಿನಲ್ಲಿ ಒಂದು ಅಂಕಿ ಹಾಕಬಾರದು. ಒಟ್ಟು ದುಡಿಮೆಯಲ್ಲಿ ಊಟಕ್ಕೆ ನೂರಕ್ಕೆ 40ರ ಸುಮಾರು ಹೋಗಬೇಕು ಅಂತ ಮೊದಲು ತೀರ್ಮಾನ ಮಾಡಿ, ಅಲ್ಲಿಂದ ಹಿಂದಕ್ಕೆ ಬರಬೇಕು. ಹಾಗೆ ಬಂದರೆ ಒಂದು ಗದ್ದೆಗೆ 270 ಭತ್ತ, ಅದರಿಂದ 180 ಪಾಲು ಅಕ್ಕಿ ಸಿಗಬೇಕು. 6 ಗದ್ದೆ, 210 ಆಳು-ದಿನ. 504ರಲ್ಲಿ ನೂರಕ್ಕೆ 42. ಇದೇ ಗದ್ದೆಗೆ 100 ಪಾಲು ಅಂತ ಇಟ್ಟಿದ್ದರೆ 11 ಗದ್ದೆ, 385 ಆಳು-ದಿನ ಬೇಕಾಗುತ್ತಿತ್ತು. ಆಟಗಾರನಿಗೆ ಉಸಿರಾಡಲೂ ಬಿಡುವಿರುತ್ತಿರಲಿಲ್ಲ. ಊಟಕ್ಕೆ ನೂರಕ್ಕೆ 20ರೊಳಗೆ ಮುಗಿದರೆ ಇನ್ನೊಂದು ತೊಂದರೆ. ಹಸಿವಿನ ಭಯವೇ ಇರುವುದಿಲ್ಲ, ಗದ್ದೆ ಅಲಂಕಾರಕ್ಕೆ ಮಾತ್ರ ಉಳಿಯುತ್ತದೆ.

ರಿಮ್‌ವರ್ಲ್ಡ್ ಅನ್ನುವ ಕಾಲೊನಿ ಗೇಮ್‌ನಲ್ಲಿ ಇದೇ ಹಿಡಿತ ಅಡುಗೆಮನೆಯಲ್ಲಿದೆ. ಒಬ್ಬ ಮನುಷ್ಯನಿಗೆ ದಿನಕ್ಕೆ 1.6 ಪೋಷಣೆ ಬೇಕು. ಹಸಿ ಅಕ್ಕಿಯನ್ನೇ ತಿಂದರೆ 32 ಅಕ್ಕಿ ಖರ್ಚು. ಅದೇ ಸಾದಾ ಊಟವಾಗಿ ಬೇಯಿಸಿದರೆ 0.5ರಷ್ಟು ಹಸಿ ಪದಾರ್ಥದಿಂದ 0.9 ಪೋಷಣೆ ಬರುತ್ತದೆ, 18 ಅಕ್ಕಿಗೆ ದಿನ ಕಳೆಯುತ್ತದೆ. ಅಡುಗೆಯವರ ದುಡಿಮೆಗೆ ಗದ್ದೆಯ ದುಡಿಮೆ ಉಳಿಸುವ ಶಕ್ತಿ ಕೊಟ್ಟಿದ್ದಾರೆ. ಅಡುಗೆಮನೆ ಕಟ್ಟಲೇಬೇಕು ಅನ್ನುವ ನಿಯಮ ಎಲ್ಲೂ ಇಲ್ಲ, ಆದರೂ ಎಲ್ಲರೂ ಕಟ್ಟುತ್ತಾರೆ.

ಉಳಿದ ಖರ್ಚುಗಳನ್ನು ಬೇಗ ಮುಗಿಸೋಣ. ಸೌದೆ: ಮನೆಗೆ ದಿನಕ್ಕೆ ಒಂದು ಹೊರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು. ಬಟ್ಟೆ ಒಣಗಿಸಲೂ ಒಲೆ ಉರಿಯಬೇಕಲ್ಲ. 5 ಮನೆಗೆ 320 ಹೊರೆ, ಆಳಿಗೆ ದಿನಕ್ಕೆ 4 ಹೊರೆಯಂತೆ 80 ಆಳು-ದಿನ. ಮನೆ, ಬೇಲಿ, ಹೆಂಚು ರಿಪೇರಿಗೆ 40. ಕತ್ತಿ, ಗುದ್ದಲಿಗೆ 20: ಒಂದು ಹತ್ಯಾರು 40 ಆಳು-ದಿನ ಬಾಳಿಕೆ ಬಂದರೆ ವರ್ಷಕ್ಕೆ 13 ಬೇಕು, ಒಂದಕ್ಕೆ ಕಮ್ಮಾರನ ಒಂದೂವರೆ ದಿನ. ಎಲ್ಲ ಸೇರಿ 350. ಉಳಿದದ್ದು 154. ಕಾಫಿ, ಹೊಸ ಮನೆ, ರಸ್ತೆ, ಕನಸು ಎಲ್ಲವೂ ಇಷ್ಟರಲ್ಲೇ.

ಕಾಫಿ ತೋಟದ ಒಂದು ಬ್ಲಾಕಿಗೆ ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) 4 ಆಳು-ದಿನ, ಕಳೆ 4, ಚಿಗುರು ತೆಗೆಯಲು 2, ಕುಯ್ಲು 10, ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು) ಮತ್ತು ಒಣಗಿಸುವುದು 4. ಒಟ್ಟು 24. 4 ಬ್ಲಾಕಿಗೆ 96. 154ರಲ್ಲಿ ಅದನ್ನು ಕಳೆದರೆ 58 ಮಿಗುತ್ತದೆ. ಕಾಗದದ ಮೇಲೆ ಊರು ಸುಖವಾಗಿದೆ.

ಇದನ್ನೇ ನಂಬಿ ಆಡಿಸಿದರೆ ಡಿಸೆಂಬರ್‌ನಲ್ಲಿ ಊರು ಕುಸಿಯುತ್ತದೆ. ವರ್ಷದ ಸರಾಸರಿಯಲ್ಲಿ ಕೆಲಸದ ದಟ್ಟಣೆ ಕಾಣುವುದಿಲ್ಲ, ಅದಕ್ಕೆ. ಮಲೆನಾಡಿನಲ್ಲಿ ಭತ್ತದ ಕೊಯ್ಲು, ಅರೇಬಿಕಾ ಕಾಫಿಯ ಕುಯ್ಲು ಎರಡೂ ನವೆಂಬರ್ ಹೊತ್ತಿಗೇ ಬಂದು ಕೂರುತ್ತವೆ. ನವೆಂಬರ್‌ನಿಂದ ಜನವರಿಯವರೆಗಿನ 12 ದಿನದಲ್ಲಿ ಕೈಗೆ ಸಿಗುವುದು 14 ಆಳು, ಕಾಲು ಭಾಗ ನಡಿಗೆ ಕಳೆದು 126 ಆಳು-ದಿನ. ಬೇಕಾದದ್ದು: ಭತ್ತದ ಕೊಯ್ಲು 48, ಒಕ್ಕಣೆ 24, ಕಾಫಿ ಕುಯ್ಲು 40, ಪಲ್ಪಿಂಗ್-ಒಣಗಿಸುವುದು 16, ಸೌದೆ 15. ಒಟ್ಟು 143. 17 ಕಡಿಮೆ ಬಿತ್ತು. ಆ 17 ಎಲ್ಲಿ ಕಡಿಮೆ ಬೀಳುತ್ತದೋ ಅಲ್ಲಿ ಭತ್ತ ಉದುರುತ್ತದೆ, ಇಲ್ಲವೇ ಹಣ್ಣು ಗಿಡದಲ್ಲೇ ಒಣಗಿ ನೆಲಕ್ಕೆ ಬೀಳುತ್ತದೆ.

ನನ್ನ ಪ್ರಕಾರ ಇಡೀ ಗೇಮಿನ ಜೀವ ಈ 17ರಲ್ಲಿದೆ. ಇದನ್ನು ಇಳುವರಿ ಹೆಚ್ಚಿಸಿ ಮುಚ್ಚಿಹಾಕಬಾರದು. ದಾರಿ ಹುಡುಕುವ ಕೆಲಸ ಆಟಗಾರನದ್ದು, ದಾರಿಗಳನ್ನು ಇಟ್ಟಿರುವ ಕೆಲಸ ನಮ್ಮದು. ಊರಿನವರು ನಿಜವಾಗಿ ಏನು ಮಾಡುತ್ತಿದ್ದರು ಅಂತ ನೋಡಿದರೆ ದಾರಿಗಳು ಸಿದ್ಧವಾಗಿಯೇ ಇವೆ. ಭತ್ತ ಕೊಯ್ದ ತಕ್ಷಣ ಬಡಿಯಬೇಕೆಂದೇನೂ ಇಲ್ಲ. ಹೊರೆ ಕಟ್ಟಿ ಕಣದ ಪಕ್ಕ ಬಣವೆ ಒಟ್ಟಿ, ಬಿಡುವಾದಾಗ ಒಕ್ಕಬಹುದು. ಗೇಮಿನಲ್ಲಿ ಬಣವೆ ಅನ್ನುವ ಒಂದೇ ಒಂದು ಕಟ್ಟಡ ಕೊಟ್ಟರೆ ಒಕ್ಕಣೆಯ 24 ಆಳು-ದಿನ ಫೆಬ್ರವರಿಗೆ ಜರುಗುತ್ತದೆ. 143 ಇದ್ದದ್ದು 119 ಆಯಿತು. 126ರೊಳಗೆ ಬಂತು, ಕೈಯಲ್ಲಿ 7 ಉಳಿಯಿತು. ಉಗ್ರಾಣ ಅಂದರೆ ಧಾನ್ಯ ಇಡುವ ಜಾಗ ಅಂತ ಎಲ್ಲರೂ ಬರೆಯುತ್ತಾರೆ. ಬಣವೆಯಲ್ಲಿ ಇಟ್ಟಿರುವುದು ಭತ್ತದ ಜೊತೆಗೆ ಡಿಸೆಂಬರ್‌ನ ಕೆಲಸ ಕೂಡ. ಅದಕ್ಕೆ ಅಪಾಯವನ್ನೂ ಸೇರಿಸಬೇಕು. ಅಕಾಲದಲ್ಲಿ ಮಳೆ ಬಂದರೆ ಮುಚ್ಚದ ಬಣವೆ ನೂರಕ್ಕೆ 15 ಹಾಳು, ಮೇಲೆ ಹುಲ್ಲು ಹೊದಿಸಿದ್ದರೆ 3.

ಇನ್ನೊಂದು ದಾರಿ ಹೊರಗಿನ ಆಳು. ಹಿಂದೆ ಘಟ್ಟದ ಕೆಳಗಿನಿಂದ, ತಮಿಳುನಾಡಿನ ಕಡೆಯಿಂದ ಬರುತ್ತಿದ್ದರು. ಈಗ ಉತ್ತರ ಕರ್ನಾಟಕ, ಅಸ್ಸಾಂ ಕಡೆಯಿಂದಲೂ ಬರುತ್ತಾರೆ. ಗೇಮಿನಲ್ಲಿ 6 ಜನ 4 ದಿನಕ್ಕೆ ಬಂದರೆ ನಡಿಗೆ ಕಳೆದು 18 ಆಳು-ದಿನ. ಕೊರತೆ ತುಂಬಿತು. ಆದರೆ ಅವರಿಗೆ ಲೈನ್ ಮನೆ (ತೋಟದ ಆಳುಗಳು ಇರುವ ಸಾಲುಮನೆ) ಕಟ್ಟಿರಬೇಕು, 24 ಪಾಲು ಅಕ್ಕಿ ಇರಬೇಕು, ಕೂಲಿ ಕೊಡಬೇಕು. ದಿನಕ್ಕೆ ತಲೆಗೆ 12 ನಾಣ್ಯವೆಂದರೆ 288, ಪಾಲಿಗೆ 3 ನಾಣ್ಯದಂತೆ ಅಕ್ಕಿಗೆ 72. ಒಟ್ಟು 360 ನಾಣ್ಯ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಮಳೆಗಾಲದಲ್ಲೂ ಇಂಥದ್ದೇ ಒಂದು ಗಂಟಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಉಳುಮೆ 36, ನಾಟಿ 48, ಕಳೆ 24, ಸೌದೆ 30. 138 ಬೇಕು, ಇರುವುದು 126. ಬೇಸಿಗೆಯಲ್ಲೇ ಸೌದೆ ಒಟ್ಟಿಟ್ಟರೆ 108ಕ್ಕೆ ಇಳಿಯುತ್ತದೆ. ಮಲೆನಾಡಿನ ಮನೆಗಳಲ್ಲಿ ಮಳೆ ಹಿಡಿಯುವ ಮೊದಲು ಸೌದೆ ಕೊಟ್ಟಿಗೆ ತುಂಬಿರಲೇಬೇಕು ಅನ್ನುವುದು ಈ ಲೆಕ್ಕದಿಂದಲೇ.

ಈಗ ಬೆಲೆ. ಒಂದು ಆಳು-ದಿನಕ್ಕೆ 10 ನಾಣ್ಯ ಅಂತ ಹಿಡಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಅಕ್ಕಿ ಒಂದು ಪಾಲಿಗೆ ಸುಮಾರು 2 ನಾಣ್ಯದ ದುಡಿಮೆ. ಒಂದು ಬ್ಲಾಕಿನಿಂದ 12 ಮೂಟೆ ಪಾರ್ಚ್‌ಮೆಂಟ್ (ಪಲ್ಪಿಂಗ್ ಮಾಡಿ ಒಣಗಿಸಿದ ಕಾಫಿ) ಬಂದರೆ ಮೂಟೆಗೆ 2 ಆಳು-ದಿನ, ಅಂದರೆ 20 ನಾಣ್ಯ. ಮಾರುವ ಬೆಲೆ 30 ಇಡೋಣ. ಬ್ಲಾಕಿಗೆ 360. ಲೈನ್ ಮನೆಗೆ ಬಂದ 6 ಜನರ ಖರ್ಚೂ ಅಷ್ಟೇ. ಅಂದರೆ ಬಣವೆ ಕಟ್ಟದ ಆಟಗಾರ ನಾಲ್ಕರಲ್ಲಿ ಒಂದು ಬ್ಲಾಕಿನ ಇಡೀ ಕಾಫಿಯನ್ನು ಕೂಲಿಗೆ ಕೊಡುತ್ತಾನೆ. ಆ ಪೆಟ್ಟು ತಟ್ಟಬೇಕು, ಆದರೆ ಊರು ಸಾಯಬಾರದು. 360 ಆ ಅಳತೆಗೆ ಸರಿಯಾಗಿ ಕೂರುತ್ತದೆ.

ಹೊರಗಿನ ಅಕ್ಕಿಯ ಬೆಲೆಯಲ್ಲಿ ಬಹಳ ಜನ ಎಡವುತ್ತಾರೆ. ಕಾಫಿಗೆ ಹಾಕಿದ ಒಂದು ಆಳು-ದಿನ 15 ನಾಣ್ಯ ತರುತ್ತದೆ. ಸಂತೆಯಲ್ಲಿ ಅಕ್ಕಿ 2 ನಾಣ್ಯಕ್ಕೆ ಸಿಕ್ಕರೆ ಆ ದುಡ್ಡಿಗೆ 7.5 ಪಾಲು. ಅದೇ ಆಳು-ದಿನವನ್ನು ಗದ್ದೆಗೆ ಹಾಕಿದರೆ 5.1 ಪಾಲು ಮಾತ್ರ. ಲೆಕ್ಕ ಬಲ್ಲ ಆಟಗಾರ ಮೊದಲ ವರ್ಷವೇ ಗದ್ದೆ ಪಾಳು ಬಿಡುತ್ತಾನೆ. ನಮ್ಮ ಕಡೆ ಎಷ್ಟೋ ಗದ್ದೆಗಳು ಪಾಳು ಬಿದ್ದಿರುವುದರ, ಅಡಿಕೆಯಾಗಿರುವುದರ ಹಿಂದೆಯೂ ಇಂಥದ್ದೇ ಲೆಕ್ಕ ಇದೆ. 4 ನಾಣ್ಯವಾದರೆ 3.75 ಪಾಲು, ಆಗ ಯಾರೂ ಅಕ್ಕಿ ಕೊಳ್ಳುವುದಿಲ್ಲ. 3 ಇಟ್ಟರೆ 5 ಪಾಲು. ಎರಡೂ ಕಡೆ ಹೆಚ್ಚುಕಡಿಮೆ ಸಮ. ಕಾಫಿ ಬೆಲೆ ಬಿದ್ದ ವರ್ಷ ಗದ್ದೆ ಇದ್ದವರು ಉಳಿಯುತ್ತಾರೆ, ಏರಿದ ವರ್ಷ ಗದ್ದೆ ಬಿಟ್ಟವರು ಗೆಲ್ಲುತ್ತಾರೆ.

ಪಾರ್ಚ್‌ಮೆಂಟೋ ಚೆರ್ರಿಯೋ ಅನ್ನುವುದೂ ಹೀಗೇ. ಪಾರ್ಚ್‌ಮೆಂಟ್‌ಗೆ ಹಣ್ಣನ್ನು ಕುಯ್ದ ದಿನವೇ ಪಲ್ಪರ್‌ಗೆ ಹಾಕಬೇಕು, ನೀರು ಬೇಕು. ಕಣದಲ್ಲಿ 7ರಿಂದ 10 ದಿನಕ್ಕೆ ಒಣಗುತ್ತದೆ. ಚೆರ್ರಿಗೆ ಪಲ್ಪರ್ ಬೇಡ, ಹಣ್ಣನ್ನು ಹಾಗೇ ಹರಡಿದರಾಯಿತು, ಆದರೆ ಎರಡು ವಾರದ ಹತ್ತಿರ ಕಣ ಹಿಡಿದುಕೊಳ್ಳುತ್ತದೆ. ಗೇಮಿನ ಒಂದು ದಿನ ಸುಮಾರು ಏಳೂವರೆ ದಿನಕ್ಕೆ ಸಮ, ಹಾಗಾಗಿ ಪಾರ್ಚ್‌ಮೆಂಟ್‌ಗೆ 1 ದಿನ, ಚೆರ್ರಿಗೆ 2 ದಿನ. ಚೆರ್ರಿಗೆ ಬ್ಲಾಕಿಗೆ 2 ಆಳು-ದಿನ ಉಳಿತಾಯ. ಅದರ ಬೆಲೆ 26 ಇಟ್ಟು ನೋಡಿ. ವರ್ಷದ ಲೆಕ್ಕದಲ್ಲಿ ಪಾರ್ಚ್‌ಮೆಂಟ್ ಆಳು-ದಿನಕ್ಕೆ 15 ತರುತ್ತದೆ, ಚೆರ್ರಿ 14.2. ಕುಯ್ಲಿನ ಕಾಲದ ಆಳು-ದಿನವನ್ನಷ್ಟೇ ಲೆಕ್ಕ ಹಿಡಿದರೆ ಪಾರ್ಚ್‌ಮೆಂಟ್ 25.7, ಚೆರ್ರಿ 26. ಆಳು ಸಾಕಷ್ಟಿದ್ದ ವರ್ಷ ಒಂದು ಸರಿ, ಆಳು ಇಲ್ಲದ ವರ್ಷ ಇನ್ನೊಂದು ಸರಿ. 26ರ ಬದಲು 24 ಹಾಕಿದ್ದರೆ ಚೆರ್ರಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಹೀಗೆ ಎರಡೂ ಕಡೆಯಿಂದ ಅಳೆದು ನೋಡದೆ ಯಾವ ಬೆಲೆಯನ್ನೂ ಅಂತಿಮ ಮಾಡಬೇಡಿ.

ಮಾರುಕಟ್ಟೆ ಸರಳವಾಗಿರಲಿ. ಒಂದು ಮೂಟೆ ಮಾರಿದರೆ ಬೆಲೆ ಮೂಲದ ನೂರಕ್ಕೆ 1 ಇಳಿಯಲಿ, ದಿನ ಕಳೆದಂತೆ ನೂರಕ್ಕೆ 1 ಏರಲಿ, ಮೂಲ ಬೆಲೆ ದಾಟದಿರಲಿ. 48 ಮೂಟೆಯನ್ನು ಒಂದೇ ದಿನ ಮಾರಿದರೆ ಸರಾಸರಿ 23 ನಾಣ್ಯ. ಫೆಬ್ರವರಿಯಿಂದ ಮೇವರೆಗೆ ದಿನಕ್ಕೆ 3ರಂತೆ ಮಾರಿದರೆ 25. ಇನ್ನೂ ಕಾದರೆ ಇನ್ನೂ ಹೆಚ್ಚು ಸಿಗಬಹುದಿತ್ತು, ಆದರೆ ಜೂನ್‌ನಿಂದ ಗೋಡೌನಿನಲ್ಲಿ ಕಾಫಿ ತೇವ ಎಳೆಯುತ್ತದೆ, ಗುಣಮಟ್ಟ ಇಳಿಯುತ್ತದೆ. ಯಾವಾಗ ಮಾರಬೇಕು ಅನ್ನುವ ಪ್ರಶ್ನೆಯೇ ಇಲ್ಲದ ಮಾರುಕಟ್ಟೆಯೂ ನಮ್ಮಲ್ಲಿತ್ತು. 1942ರ ಕಾಫಿ ಕಾಯ್ದೆಯ ನಂತರ 1990ರ ದಶಕದವರೆಗೆ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರಿಸಿ ಮಾರುವ ದಾಸ್ತಾನಿಗೆ ಕೊಡುತ್ತಿದ್ದರು, ಹಣ ಕಂತುಕಂತಾಗಿ ಬರುತ್ತಿತ್ತು. ಗೇಮಿನ ಸುಲಭ ಹಂತಕ್ಕೆ ಈ ಪದ್ಧತಿ ಹೇಳಿ ಮಾಡಿಸಿದಂತಿದೆ: ಒಂದೇ ಬೆಲೆ, ಮೂರು ಕಂತು, ಏರಿಳಿತವಿಲ್ಲ.

ಊರಿನ ಒಳಗೆ, ಜನಜನರ ನಡುವೆ ದುಡ್ಡು ಓಡಾಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಕುಳ್ಳರ ಕೋಟೆ ಕಟ್ಟುವ ಡ್ವಾರ್ಫ್ ಫೋರ್ಟ್ರೆಸ್ ಗೇಮ್‌ನಲ್ಲಿ ಕೂಲಿ, ಬಾಡಿಗೆ, ನಾಣ್ಯ ಎಲ್ಲ ಇತ್ತು. ಕುಳ್ಳರು ಕೆಲಸ ಬಿಟ್ಟು ನಾಣ್ಯ ಹೊತ್ತು ತಿರುಗುವುದು, ಬಾಡಿಗೆ ಕಟ್ಟಲಾಗದೆ ಕೋಣೆ ಕಳೆದುಕೊಳ್ಳುವುದು ನಡೆಯುತ್ತಿತ್ತು. 2010ರ ಆವೃತ್ತಿಯಲ್ಲಿ ಅದನ್ನು ತೆಗೆದರು. 2014ರ ಬ್ಯಾನಿಶ್ಡ್ ಅನ್ನುವ ಊರು ಕಟ್ಟುವ ಗೇಮ್‌ನಲ್ಲಿ ನಾಣ್ಯವೇ ಇಲ್ಲ, ದೋಣಿಯಲ್ಲಿ ಬರುವ ವ್ಯಾಪಾರಿಯ ಜೊತೆ ಸಾಮಾನಿಗೆ ಸಾಮಾನು. ಆ ಗೇಮಿನಿಂದ ಕಲಿಯಬೇಕಾದ ಇನ್ನೊಂದು ವಿಷಯ ವಯಸ್ಸಿನದು. ಮನೆಗಳನ್ನು ಒಟ್ಟಿಗೆ ಕಟ್ಟಿದರೆ ಒಟ್ಟಿಗೆ ಮಕ್ಕಳಾಗುತ್ತವೆ, ಆ ಪೀಳಿಗೆ ಒಟ್ಟಿಗೆ ಮುದಿಯಾಗುತ್ತದೆ, ಒಂದು ದಿನ ದುಡಿಯುವ ಕೈಗಳೇ ಇರುವುದಿಲ್ಲ. ನಮ್ಮ ಲೆಕ್ಕದ 14 ಮತ್ತು 6 ಅನ್ನುವ ಪ್ರಮಾಣ ಕದಲಿದರೆ ಮೇಲಿನ ಒಂದೂ ಅಂಕಿ ನಿಲ್ಲುವುದಿಲ್ಲ. ಪರದೆಯ ಮೂಲೆಯಲ್ಲಿ ಈ ಎರಡು ಅಂಕಿ ಸದಾ ಕಾಣುತ್ತಿರಲಿ.

ಈಗ ಒಂದು ಹೊರೆ ಕಾಫಿ ಹಣ್ಣಿನ ಹಿಂದೆಯೇ ನಡೆದು ನೋಡೋಣ, ಕೋಡಿನ ಬಹುಪಾಲು ತಪ್ಪುಗಳು ಆ ದಾರಿಯಲ್ಲೇ ಸಿಗುತ್ತವೆ. ದಿನದ 240 ಸೆಕೆಂಡಿನಲ್ಲಿ ಕೆಲಸದ ಹೊತ್ತು 80. ಒಂದು ಹೊರೆ ಕುಯ್ಯಲು 15 ಸೆಕೆಂಡ್. ನಡಿಗೆ ಸೆಕೆಂಡಿಗೆ 3 ಚೌಕ. ಕಣ ಏಳೂವರೆ ಚೌಕ ದೂರದಲ್ಲಿದ್ದರೆ ಹೋಗಿಬರಲು 5 ಸೆಕೆಂಡ್, ದಿನಕ್ಕೆ 4 ಹೊರೆ. 15 ಚೌಕ ದೂರವಾದರೆ 3.2 ಹೊರೆ. 30 ಚೌಕಕ್ಕೆ 2.3. ನಡಿಗೆಗೆ ಕಾಲು ಭಾಗ ಅಂತ ಮೇಲೆ ಕಳೆದದ್ದು ಮೊದಲ ದೂರಕ್ಕೆ ಮಾತ್ರ ಸರಿ. ಆಟಗಾರ ಎರಡನೇ ಕಣವನ್ನೋ ಗಾಡಿಯನ್ನೋ ಮಾಡಿಕೊಳ್ಳಬೇಕಾಗುವುದು ಇಲ್ಲಿಂದ. ಅದಕ್ಕೆ ಬೇರೆ ನಿಯಮ ಬೇಡ, ದೂರವೇ ಹೇಳುತ್ತದೆ.

ಆಳು ಹೊರಡುವ ಮೊದಲು ಎರಡು ಮುಂಗಡ ಹಿಡಿಯಬೇಕು (ದುಡ್ಡಿನ ಮುಂಗಡವಲ್ಲ, ಇದು ಈ ಆಳಿಗೇ ಅಂತ ಕೋಡಿನಲ್ಲಿ ಕಾದಿರಿಸುವುದು): ಗಿಡದಲ್ಲಿನ ಹಣ್ಣಿಗೊಂದು, ಕಣದಲ್ಲಿನ ಖಾಲಿ ಜಾಗಕ್ಕೊಂದು. ಹಣ್ಣಿಗೆ ಮಾತ್ರ ಹಿಡಿದರೆ ನಾಲ್ಕು ಜನ ಹೊರೆ ಹೊತ್ತು ಬಂದು ತುಂಬಿದ ಕಣದ ಮುಂದೆ ನಿಂತುಬಿಡುತ್ತಾರೆ. ಎರಡನ್ನೂ ಹಿಡಿದ ಮೇಲೆ ಬಿಡಿಸುವುದನ್ನು ಮರೆಯಬಾರದು. ಆಳು ದಾರಿಯಲ್ಲಿ ಕಾಯಿಲೆ ಬಿದ್ದ, ಊಟಕ್ಕೆ ತಿರುಗಿದ, ಆಟಗಾರ ಬೇರೆ ಕೆಲಸ ಹೇಳಿದ. ಈ ಮೂರರಲ್ಲೂ ಮುಂಗಡ ಬಿಡಿಸದಿದ್ದರೆ ಕಣದಲ್ಲಿ ಒಂದು ಕಾಳೂ ಇಲ್ಲ, ಆದರೂ ‘ಕಣ ತುಂಬಿದೆ’ ಅಂತ ಪರದೆ ಹೇಳುತ್ತದೆ. ಮುಂಗಡ ಬಿಡಿಸುವ ಕೆಲಸವನ್ನು ಒಂದೇ ಜಾಗದಲ್ಲಿ ಬರೆಯಿರಿ, ಕೆಲಸ ಯಾವ ಕಾರಣಕ್ಕೆ ನಿಂತರೂ ಅದೇ ಜಾಗಕ್ಕೆ ಬರಲಿ. ಹಣ್ಣಿನಿಂದ ಬೀಜ ಮಾಡುವಾಗ ಪೂರ್ಣಾಂಕವನ್ನೇ ಬಳಸಿ. ಅರೇಬಿಕಾದಲ್ಲಿ ಸುಮಾರು 6 ಕೆಜಿ ಹಣ್ಣಿಗೆ 1 ಕೆಜಿ ಹಸನಾದ ಬೀಜ, ಗೇಮಿನಲ್ಲೂ 6ಕ್ಕೆ 1. ಉಳಿದ 1ರಿಂದ 5 ಹಣ್ಣು ಪಲ್ಪರ್‌ನಲ್ಲೇ ಮುಂದಿನ ಸರದಿಗೆ ಕಾಯಲಿ. ದಶಮಾಂಶ ಇಟ್ಟುಕೊಂಡರೆ 0.1666 ಮೂಟೆಯ ಚೂರುಗಳು ಗೋಡೌನಿನ ತುಂಬ ಹರಡುತ್ತವೆ, ಲೆಕ್ಕ ಕೂಡುವುದೇ ಇಲ್ಲ.

ಯಾವ ಕೆಲಸ ಯಾವಾಗ ಅನ್ನುವುದಕ್ಕೆ ಒಂದೇ ಗೆರೆ ಸಾಲದು, ಎರಡು ಗೆರೆ ಬೇಕು. ಅಕ್ಕಿ 100 ಪಾಲಿಗೆ ಇಳಿದಾಗ ಮಿಲ್ಲಿನ ಕೆಲಸ ಶುರು, 300 ಆದಾಗ ನಿಲ್ಲಲಿ. 100 ಒಂದೇ ಗೆರೆಯಾಗಿದ್ದರೆ ಆಳು ಮಿಲ್ಲಿಗೂ ಗದ್ದೆಗೂ ನಡುವೆ ಓಡಾಡುತ್ತಲೇ ದಿನ ಕಳೆಯುತ್ತಾನೆ.

ಆಪತ್ತುಗಳ ವಿಷಯದಲ್ಲಿ ನನಗೆ ಹೂಮಳೆಯಷ್ಟು ಒಳ್ಳೆಯ ಮಾದರಿ ಬೇರೆ ಕಂಡಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಒಂದರಿಂದ ಒಂದೂವರೆ ಇಂಚು ಮಳೆ ಬಿದ್ದರೆ ಹೂ ಅರಳುತ್ತದೆ, ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಅದು ತಪ್ಪಿದರೆ ಡಿಸೆಂಬರ್‌ನ ಫಸಲು ಅರ್ಧ. ಪೆಟ್ಟು ಬೀಳುವುದು ಡಿಸೆಂಬರ್‌ನಲ್ಲಿ, ಗೊತ್ತಾಗುವುದು ಏಪ್ರಿಲ್‌ನಲ್ಲಿ. ನಡುವೆ ಗೇಮಿನ 30ಕ್ಕೂ ಹೆಚ್ಚು ದಿನ. ಆಟಗಾರ ಕೆರೆಯಿಂದ ಸ್ಪ್ರಿಂಕ್ಲರ್ ಹಾಕಬಹುದು, ಇನ್ನೊಂದು ಗದ್ದೆ ನಾಟಿ ಮಾಡಬಹುದು, ಹೊರಗಿನ ಆಳನ್ನು ಕರೆಸದಿರಬಹುದು. ಎಚ್ಚರಿಕೆಯಿಲ್ಲದೆ ಬರುವ ಬೆಂಕಿಗಿಂತ ಇಂಥ ಆಪತ್ತು ನೂರು ಪಾಲು ಮೇಲು.

ಇದೆಲ್ಲವನ್ನೂ ಮೊದಲು ಎಕ್ಸೆಲ್‌ನಲ್ಲಿ ಹಾಕಿ: ಅಡ್ಡಕ್ಕೆ 12 ತಿಂಗಳು, ಉದ್ದಕ್ಕೆ ಕೆಲಸಗಳು, ಕೊನೆಯ ಸಾಲಿನಲ್ಲಿ ಇರುವ ಆಳು ಮತ್ತು ಬೇಕಾದ ಆಳು. ಕೋಡ್ ಆಮೇಲೆ. ಗೇಮ್ ಮಾಡುವ ಸಾಫ್ಟ್‌ವೇರ್ ಗೊಡೋ 4ನ್ನು ಚಿತ್ರವಿಲ್ಲದೆ ಹೆಡ್‌ಲೆಸ್ ಆಗಿ ಓಡಿಸಬಹುದು. ಬೇರೆಬೇರೆ ಸೀಡ್ (ಆಟದ ಆಕಸ್ಮಿಕಗಳನ್ನು ಬದಲಿಸುವ ಆರಂಭದ ಅಂಕಿ) ಕೊಟ್ಟು 100 ಊರುಗಳನ್ನು 50 ವರ್ಷ ಓಡಿಸಿ, ಪ್ರತಿ ತಿಂಗಳ ಅಕ್ಕಿ, ಭತ್ತ, ಸೌದೆ, ಸಾವು ಇಷ್ಟನ್ನು ಫೈಲಿಗೆ ಬರೆಸಿ. ಎಷ್ಟು ಊರು ಸತ್ತವು ಅನ್ನುವುದಕ್ಕಿಂತ ಯಾವ ತಿಂಗಳಲ್ಲಿ ಸತ್ತವು ಅನ್ನುವುದನ್ನು ನೋಡಬೇಕು. ಹಸಿವಿನ ಸಾವು ಅಕ್ಟೋಬರ್-ನವೆಂಬರ್‌ನಲ್ಲಿ ಕಂಡರೆ ಬೆಳೆದದ್ದೇ ಸಾಲಲಿಲ್ಲ, ಗದ್ದೆಯ ಅಂಕಿ ತಿದ್ದಬೇಕು. ಜುಲೈನಲ್ಲಿ ಕಂಡರೆ ಭತ್ತದ ಕಾಲಂ ತೆಗೆದು ನೋಡಿ. ಪಣತದ (ಕಣಜದ) ತುಂಬ ಭತ್ತ ಇರುತ್ತದೆ, ಅಕ್ಕಿ ಮಾತ್ರ ಸೊನ್ನೆ. ಎಲ್ಲ ಆಳೂ ನಾಟಿಗೆ ಇಳಿದಿದ್ದಾರೆ, ಮಿಲ್ಲಿಗೆ ಯಾರೂ ಹೋಗಿಲ್ಲ. ಇಳುವರಿಗೆ ಕೈ ಹಾಕಬೇಡಿ. ಮೇ ತಿಂಗಳಲ್ಲಿ ಮಾತ್ರ ಮಿಲ್ಲಿನ ಮೇಲಿನ ಗೆರೆಯನ್ನು 300ರಿಂದ 500ಕ್ಕೆ ಏರಿಸಿ, 100 ಊರುಗಳನ್ನೂ ಮತ್ತೊಮ್ಮೆ ಓಡಿಸಿ.